ನೇರ ಹಾರಿದರೆ

ಹಾಸನದ ಹಳೇ ಬಸ್‌ಸ್ಟ್ಯಾಂಡ್ ಎದುರು, ಬೇಕರಿಯ ಮೇಲೆ
ಎಂಟಡಿ ಅಂಗಡಿ ನನ್ನದು. ಒಂದು ಕಂಪ್ಯೂಟರು,
ರೆಕ್ಕೆ ಮುರಿದ ಪ್ಲಾಸ್ಟಿಕ್ ವಿಮಾನ, ಎರಡು ಕುರ್ಚಿ.
ಹನ್ನೊಂದು ವರ್ಷದಿಂದ ಜನರನ್ನು ಹಾರಿಸುತ್ತಿದ್ದೇನೆ.
ನಾನಿನ್ನೂ ಹತ್ತಿಲ್ಲ.

ಅಂಗಡಿಹಳ್ಳಿಯಿಂದ ಬಂದವಳು ಸಿಲೋನ್‌ಬಾಯಿ.
ಅವಳು ಹುಟ್ಟಿದ ರಾತ್ರಿ ಪಕ್ಕದ ಗುಡಾರದ ರೇಡಿಯೋ
ಸಿಲೋನ್ ಹಿಡಿದಿತ್ತಂತೆ; ಅಪ್ಪ ಅದನ್ನೇ ಹೆಸರಿಟ್ಟ.
ಹಕ್ಕಿಪಿಕ್ಕಿ ಜನ. ಬಲೆ ಬಿಟ್ಟು ಬಹಳ ಕಾಲವಾಯಿತು,
ಈಗ ಕೂದಲೆಣ್ಣೆ ಕಾಯಿಸುತ್ತಾರೆ.
ನಲವತ್ತಾರು ಕಿಲೋ ಲಗೇಜು, ಎಲ್ಲ ಎಣ್ಣೆಯೇ.
ಪಾಸ್‌ಪೋರ್ಟು ಸೆರಗಿನ ಗಂಟಿನಲ್ಲಿ.
“ಗಬೋನಿಗೆ ಎಷ್ಟು ದೂರ ಸಾಮಿ?” ಎಂದಳು,
ಬೇಲೂರಿಗೆ ಎಷ್ಟು ಚಾರ್ಜು ಎನ್ನುವ ಹಾಗೆ.

ಕೀಲಿ ಒತ್ತಿದೆ. ಪರದೆ ಹೇಳಿತು:
ಬೆಂಗಳೂರಿಂದ ಲಿಬ್ರವಿಲ್‌ಗೆ
ಏಳು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು,
ಒಂಬತ್ತೂವರೆ ಗಂಟೆ.
“ನೇರ ಹಾರಿದರೆ,” ಅಂದೆ. “ಹಕ್ಕಿ ಹಾರಿದ ಹಾಗೆ.”

“ಯಾವ ಹಕ್ಕಿ?”

ನಾನು ಸುಮ್ಮನಾದೆ.

“ಕೊಕ್ಕರೆ ಗಾಳಿ ನೋಡ್ಕಂಡು ಸುತ್ತಾಕ್ಕಂಡು ಹೋಯ್ತದೆ.
ಗಿಣಿ ಮರದಿಂದ ಮರಕ್ಕೆ, ಜಗಳ ಆಡ್ಕಂಡು.
ಗೌಜಲಕ್ಕಿ ಈ ಬೇಲಿಂದ ಆ ಬೇಲಿಗೆ, ಅದೂ ಓಡೋದೇ ಹೆಚ್ಚು.
ನೇರ ಹಾರೋ ಹಕ್ಕಿ ಅಂತ ಇದ್ದಿದ್ರೆ
ಬಲೆ ಎಲ್ಲಿ ಕಟ್ಬೇಕು ಅಂತ ನಮ್ಮಪ್ಪ
ಮೂರು ದಿವಸ ಹೊಂಚು ಹಾಕ್ತಿದ್ನಾ?”

ನೇರ ಹಾರುವ ವಿಮಾನವೂ ಇರಲಿಲ್ಲ.
ಆಡಿಸ್ ಅಬಾಬದಲ್ಲಿ ಇಳಿದು ಕಾಯಬೇಕು, ಮತ್ತೆ ಹತ್ತಬೇಕು.
ಅದಕ್ಕೂ ಮುಂಚೆ ಬೇಲೂರು ಬಸ್ಸು, ಹಾಸನದಲ್ಲಿ ಬದಲು,
ಮೆಜೆಸ್ಟಿಕ್‌ನಲ್ಲಿ ಇನ್ನೊಂದು;
ದೇವನಹಳ್ಳಿ ಮುಟ್ಟುವಷ್ಟರಲ್ಲಿ ಏಳು ಗಂಟೆ ಸತ್ತಿರುತ್ತದೆ.
ಪರದೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಕೂಡಿ ಹೇಳಿದೆ: ಎಲ್ಲ ಸೇರಿ ಮೂವತ್ತು ಗಂಟೆ.
“ಕೂಗಳತೆ ದಾಟಿದ್ಮೇಲೆ ಎಲ್ಲಾ ಒಂದೇ ದೂರ” ಅಂದಳು.

“ಅಲ್ಲಿ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ.
ಇಳಿದಾಗ ಅಷ್ಟು ಹೊತ್ತು ನಿಮಗೆ ಲಾಭ.”
ಲಾಭ ಎಂದ ಕೂಡಲೆ ಮುಂದೆ ಬಾಗಿದಳು, ವ್ಯಾಪಾರದ ಹೆಂಗಸು:
“ಬರುವಾಗ?”
“ವಾಪಸ್ ಕೊಡಬೇಕು.”
“ಬಡ್ಡಿ?”
ಬಡ್ಡಿಯಿಲ್ಲ ಎಂದೆ. ನಂಬಲಿಲ್ಲ.

ಏಳು ತಿಂಗಳ ಮೇಲೆ ಬಂದಳು,
ಅಣ್ಣನ ಮಗನ ಪಾಸ್‌ಪೋರ್ಟು ಹಿಡಿದು.
ಕಾಲಿಗೆ ಬಿಳಿ ಬೂಟು. ಬಾಯಲ್ಲಿ ಎರಡು ಫ್ರೆಂಚ್ ಮಾತು,
ಎರಡೂ ಚೌಕಾಸಿಯವು.
“ಬಡ್ಡಿ ಹಿಡ್ಕಂಡ್ರು ಸಾಮಿ.
ತಂಗಿ ಹೆತ್ತಿದ್ದು ಇಲ್ಲಿ ಬುಧವಾರ ನಸುಕು ಮೂರಕ್ಕೆ.
ನಂಗಲ್ಲಿ ಇನ್ನೂ ಮಂಗಳವಾರ, ಉಂಡು ಮಲಗೋ ಹೊತ್ತು.
ಮಗ ಹುಟ್ಟೋಕೆ ಒಂದಿನ ಮುಂಚೇನೇ ದೊಡ್ಡಮ್ಮ ಆದೆ.
ಫೋನಲ್ಲಿ ಅದರ ಅಳು ಕೇಳಿಸ್ತು. ಮುಖ ಕಂಡಿದ್ದು
ಅದಕ್ಕೆ ಹಲ್ಲು ಬಂದ್ಮೇಲೆ.”

ಸ್ವಲ್ಪ ಹೊತ್ತು ಬಿಟ್ಟು, ಗುಟ್ಟು ಹೇಳುವವಳಂತೆ:
“ಬೆಳಕಾದ್ಮೇಲೆ ಕಿಟಕೀಲಿ ರೆಪ್ಪೆ ಬಡೀದೆ ನೋಡ್ದೆ.
ಅಷ್ಟೆತ್ತರದಲ್ಲಿ ಒಂದೂ ಹಕ್ಕಿ ಇಲ್ಲ ಸಾಮಿ.
ಒಂದೂ.
ಅದನ್ನ ಆಕಾಶ ಅಂತ ಯಾಕೆ ಅಂತಾರೆ?”

ಸಮಾಧಾನಕ್ಕೆಂದು ಭೂವನಹಳ್ಳಿಯ ಸುದ್ದಿ ತೆಗೆದೆ:
ಅಲ್ಲಿ ನಿಲ್ದಾಣ ಕಟ್ಟುತ್ತಿದ್ದಾರೆ, ಮುಗಿದರೆ
ಒಂದು ದಿನ ಇಲ್ಲಿಂದಲೇ ಏರಬಹುದು.
“ಆ ಬಯಲು ಗೊತ್ತು. ಅಪ್ಪ ಗೌಜಲಕ್ಕಿಗೆ ಬಲೆ ಒಡ್ತಿದ್ದ.
ಒಳ್ಳೆ ಜಾಗ. ಓಡ್ತವೆ, ಓಡ್ತವೆ, ಇನ್ನೇನು ಸಿಕ್ತು ಅನ್ನುವಾಗ
ಬುರ್ರಂತ ಎದ್ದು ಹೋಯ್ತವೆ.”

ಅವಳು ಮೆಟ್ಟಿಲಿಳಿದ ಮೇಲೆ
ಹಾಸನದಿಂದ ಲಿಬ್ರವಿಲ್‌ಗೆ ಎಂದು ಒತ್ತಿ ನೋಡಿದೆ.
ಹೊರಡುವ ನಿಲ್ದಾಣ ಸಿಗಲಿಲ್ಲ, ಎಂದಿತು ಪರದೆ.

ಎದುರಿನ ಕರೆಂಟು ತಂತಿಯಿಂದ ಕಾಗೆಯೊಂದು ಎದ್ದು
ಬೋರ್ಡು ಬಳಸಿ, ಆಟೋ ಮೇಲೆ ಕೂತು, ಯೋಚಿಸಿ,
ಬೇಕರಿ ಬಾಗಿಲ ಬನ್ನಿನ ಚೂರಿಗೆ ಇಳಿಯಿತು.
ಗಡಿಯಾರ ನೋಡಿದೆ: ಇಪ್ಪತ್ತು ಅಡಿ,
ಒಂದೂಕಾಲು ನಿಮಿಷ.